ಕುಳಿಗಿಳಿಯದೆ ಕಲ್ಲು ಮಾತಾಡದು

"ಮಂಗಳನ ಇಂಚಿಂಚನ್ನೂ ನೌಕೆಗಳು ಮೇಲಿನಿಂದಲೇ ಚಿತ್ರ ತೆಗೆದಿವೆ. ಮತ್ತೆ ರೋವರೊಂದನ್ನು ವರ್ಷಗಟ್ಟಲೆ ಒಂದೇ ಕುಳಿಯಲ್ಲಿ ತೆವಳಿಸುವುದು ಕಾಲಹರಣವಲ್ಲವೆ?" ಎಂದು ಓದುಗರೊಬ್ಬರು ಕೇಳಿದ್ದಾರೆ.

ಮೇಲಿನ ನೋಟ ಬೇಕು, ಒಪ್ಪಿದೆ. ಮೆರಿಡಿಯಾನಿ ಬಯಲಿನಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಖನಿಜ ಇದೆಯೆಂದು ಮೊದಲು ತಿಳಿಸಿದ್ದು ಸುತ್ತುವ ನೌಕೆಯೇ. ಅದು ನೀರಿನಿಂದ ಹುಟ್ಟಿತೇ ಎಂಬ ಪ್ರಶ್ನೆಗೆ ಮಾತ್ರ ಅಲ್ಲಿಂದ ಉತ್ತರ ಸಿಗಲಿಲ್ಲ. 2004ರ ಜನವರಿಯಲ್ಲಿ ನಾಸಾದ ರೋವರ್ ಆಪರ್ಚುನಿಟಿ ಉರುಳುತ್ತಾ ಹೋಗಿ ನಿಂತದ್ದು ಸುಮಾರು 22 ಮೀಟರ್ ಅಗಲದ ಪುಟ್ಟ ಕುಳಿಯೊಳಗೆ. ಎದುರಿಗೇ ಪದರಬಂಡೆ, ಅದರಲ್ಲಿ ಮೆಣಸಿನಕಾಳಿನಂಥ ಹೆಮಟೈಟ್ ಗುಂಡುಗಳು, ನೀರಿನ ಸಹವಾಸದಿಂದಾಗುವ ಗಂಧಕದ ಲವಣಗಳು. ಉತ್ತರ ಕಾಲ ಬುಡದಲ್ಲೇ ಇತ್ತು.

ರೋವರಿನ ಡ್ರಿಲ್ ಇಳಿಯುವುದು ಕೆಲವೇ ಸೆಂಟಿಮೀಟರ್. ಕ್ಷುದ್ರಗ್ರಹವಾದರೋ ಅಪ್ಪಳಿಸಿದ ಕ್ಷಣಗಳಲ್ಲೇ ನೂರಾರು ಮೀಟರ್ ಆಳದ ಬಾವಿ ತೋಡಿಬಿಡುತ್ತದೆ; ಅದೇ ಕುಳಿ. ಗೋಡೆಯಲ್ಲಿ ಪದರಗಳು ಕಾಲಾನುಕ್ರಮವಾಗಿ ನಿಂತಿರುತ್ತವೆ; ಅಂಚಿನಲ್ಲಿ ಪುಟ ಮಗುಚಿದಂತೆ ಅವೇ ತಲೆಕೆಳಗಾಗಿ, ಹಳೆಯದು ಮೇಲಕ್ಕೆ ಬಂದಿರುತ್ತದೆ. ಪುಕ್ಕಟೆ ಸಿಕ್ಕ ಇಂಥ ಬಾವಿಗೆ ಇಳಿಯದೆ ಮುಂದೆ ಹೋಗುವುದು ಹೇಗೆ? ವಿಕ್ಟೋರಿಯಾ ಕುಳಿಯ ಅಂಚನ್ನು ಆಪರ್ಚುನಿಟಿ ತಿಂಗಳುಗಟ್ಟಲೆ ಸುತ್ತಿತು, 2007ರ ಸೆಪ್ಟೆಂಬರಿನಲ್ಲಿ ಇಳಿದು 2008ರ ಆಗಸ್ಟಿನಲ್ಲಿ ಹೊರಬಂತು. ಆಮೇಲೆ ಮೂರು ವರ್ಷ ನಡೆದು 22 ಕಿಲೋಮೀಟರ್ ಅಗಲದ ಎಂಡೆವರ್ ಕುಳಿ ಸೇರಿತು. ಅಲ್ಲಿ ಸಿಕ್ಕದ್ದು ಬಂಡೆಬಿರುಕಿನಲ್ಲಿ ನೀರು ಹರಿದು ಉಳಿಸಿಹೋದ ಜಿಪ್ಸಮ್ ಎಂಬ ಖನಿಜದ ಎಳೆ. ತೊಂಬತ್ತು ದಿನಕ್ಕೆಂದು ಕಳಿಸಿದ ಯಂತ್ರವದು!

ನಾನು ವಿದ್ಯಾರ್ಥಿಯಾಗಿದ್ದಾಗ ಮೇಷ್ಟ್ರೊಬ್ಬರು ನಮ್ಮನ್ನು ಒಂದೇ ಬಂಡೆಯೆದುರು ಅರ್ಧ ದಿನ ಕೂರಿಸಿದ್ದರು. ಮೊದಲ ಗಂಟೆ ಕಂಡದ್ದು ಬರೀ ಬಂಡೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಪದರ, ನಡುವೆ ಅಲೆಯ ಗುರುತು. ಕಾಲಹರಣ ಎಂಬ ಮಾತು ಕೇಳಿದರೆ ನನಗೆ ನೋವಾಗುವುದು ಅದಕ್ಕೇ. ನಿಮ್ಮೊಬ್ಬರ ತಪ್ಪಲ್ಲ ಬಿಡಿ. ನಮಗೆಲ್ಲ ದೂರದಿಂದ ತೆಗೆದ ಚಿತ್ರ ನೋಡಿಯೇ ಊರು ಕಂಡೆವೆಂದುಕೊಳ್ಳುವ ಚಟ ಹತ್ತಿದೆ. ಪತ್ರಿಕೆಯವರಾದ ನಾವೂ ನೌಕೆ ಇಳಿದ ದಿನ ಮುಖಪುಟ ತುಂಬಿಸುತ್ತೇವೆ, ಮರುವಾರ ಮರೆಯುತ್ತೇವೆ.

ನಾಸಾದ ಇನ್ನೊಂದು ರೋವರ್ ಕ್ಯೂರಿಯಾಸಿಟಿ 154 ಕಿಲೋಮೀಟರ್ ಅಗಲದ ಗೇಲ್ ಕುಳಿಗಿಳಿದದ್ದು 2012ರಲ್ಲಿ. ಅದರ ನಡುವಿನ ಬೆಟ್ಟವನ್ನು ವರ್ಷಾನುಗಟ್ಟಲೆ ಹತ್ತಿದ ಮೇಲೆ, ಒಣಗಿರಬಹುದೆಂದುಕೊಂಡಿದ್ದ ಎತ್ತರದ ಪದರದಲ್ಲಿ ಹಳೆಯ ಕೆರೆಯ ಅಲೆಗುರುತುಗಳು ಕಂಡವು. 2023ರ ಫೆಬ್ರವರಿಯಲ್ಲಿ ನಾಸಾ ಆ ಚಿತ್ರ ಬಿಡುಗಡೆ ಮಾಡಿತು. ದಯವಿಟ್ಟು ಅದನ್ನು ಹುಡುಕಿ, ಸಾವಧಾನವಾಗಿ ನೋಡಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ.

– ಸಂಪಾದಕ