ಪಕ್ಕದ ನಾಲ್ಕು ಎಕರೆ: ವಿದೇಶಕ್ಕೆ ಹೊರಟ ಮನೆಯ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಎಕರೆ ಲೆಕ್ಕಗಳನ್ನು ಬದಲಿಸಿದೆ. ಹೆಸರಿನ ಬದಲು ಸಂಬಂಧಗಳನ್ನೇ ಬಳಸಿದೆ.)

ಮೂಡಿಗೆರೆ ಸೀಮೆಯ ಕಾಫಿ ತೋಟದ ಮನೆ. ಎಂಟು ಎಕರೆ ರೋಬಸ್ಟಾ, ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ. ತಂದೆಗೆ 68, ತಾಯಿಗೆ 63. ತಾಯಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಮಗ 35ರವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸೊಸೆ ಅಲ್ಲೇ ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಆರು ವರ್ಷದ ಒಬ್ಬಳು ಮಗಳು. ಕಂಪನಿಯಿಂದ ಮಗನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕರೆ ಬಂದಿತ್ತು, ವರ್ಷಕ್ಕೆ 64,000 ಯೂರೋ. ಉತ್ತರ ಹೇಳಲು ಮೂರು ವಾರ ಗಡುವು. ದೊಡ್ಡವರು ನಾಲ್ಕೂ ಜನ ಚಿಕ್ಕಮಗಳೂರಿಗೆ, ಸಲಹೆಗಾರರಾದ ನಮ್ಮ ಹತ್ತಿರ ಒಟ್ಟಿಗೇ ಬಂದು ಕುಳಿತರು.

"ಹೋಗೋದಾ ಬೇಡ್ವಾ, ನೀವೇ ಹೇಳಿಬಿಡಿ" ಎಂದು ಮಗ ಶುರು ಮಾಡಿದ. ತಂದೆ ಅರ್ಧ ಗಂಟೆಯಲ್ಲಿ ಮೂರು ಸಲ "ಅವನಿಷ್ಟ" ಅಂದರು. ಸೊಸೆ ಮಾತೇ ಆಡಲಿಲ್ಲ. ಇಂಥ ಕಡೆ ಸಲಹೆಗಾರರು ಹೂಂ, ಊಹೂಂ ಎರಡನ್ನೂ ಹೇಳಬಾರದು, ಹೇಳಿದರೆ ನಾಳೆಯ ಜಗಳಕ್ಕೆ ಮೂರನೆಯವರ ಹೆಸರು ಸಿಕ್ಕಂತಾಗುತ್ತದೆ. ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟು, ಈ ಪ್ರಯಾಣದ ಬಗ್ಗೆ ಮನಸ್ಸಿನಲ್ಲಿರುವ ಒಂದೇ ಸಾಲು ಬರೆಯಲು ಹೇಳಿದೆವು. ತಂದೆ: "ಮಗ ಚೆನ್ನಾಗಿರಲಿ." ತಾಯಿ: "ರಾತ್ರಿ ಹೊತ್ತು ಹೆಚ್ಚುಕಮ್ಮಿ ಆದ್ರೆ ಯಾರು?" ಸೊಸೆ ಬಹಳ ಹೊತ್ತು ಪೆನ್ನು ಹಿಡಿದು ಕೂತು, "ನನ್ನ ಕೆಲಸ?" ಎಂದಷ್ಟೇ ಬರೆದರು. ಮಗನದು: "ಐದು ವರ್ಷ ದುಡಿದು ಪಕ್ಕದ ನಾಲ್ಕು ಎಕರೆ ತಗೊಳ್ಳೋದು."

ಪ್ರಕರಣ ತಿರುಗಿದ್ದು ಈ ಕೊನೆಯ ಚೀಟಿಯಲ್ಲಿ. ಫೆಮಾ ಕಾಯ್ದೆ, ಅಂದರೆ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಇಲ್ಲಿ ಮನೆ, ಸೈಟು, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಕಾಫಿ ತೋಟ ಪ್ಲಾಂಟೇಶನ್. ಯಾವ ತೋಟಕ್ಕಾಗಿ ಹೊರಟಿದ್ದನೋ ಅದನ್ನು ಅಲ್ಲಿರುವಷ್ಟು ದಿನ ಅವನ ಹೆಸರಿಗೆ ಕೊಳ್ಳುವಂತೆಯೇ ಇಲ್ಲ. ದಾನಪತ್ರದ ಮೂಲಕವೂ ಬರುವುದಿಲ್ಲ. ತಂದೆ ಇರುವ ಎಂಟು ಎಕರೆಯಲ್ಲಿ ಒಂದು ಭಾಗವನ್ನು ಮಗನಿಗೆ ದಾನಪತ್ರ ಮಾಡುವ ಯೋಚನೆ ಇದ್ದರೆ ಅವನು ವಿಮಾನ ಹತ್ತುವ ಮುಂಚೆಯೇ ಮಾಡಬೇಕು. ವಾರಸುದಾರಿಕೆಯಿಂದ ಬಂದರೆ ಅಡ್ಡಿಯಿಲ್ಲ, ಇಲ್ಲಿದ್ದಾಗ ಕೊಂಡ ಜಮೀನನ್ನು ಹೋದ ಮೇಲೂ ಇಟ್ಟುಕೊಳ್ಳಬಹುದು. ಮಾರುವಾಗ ಮಾತ್ರ ಕೊಳ್ಳುವವರು ಭಾರತದಲ್ಲಿ ನೆಲೆಸಿದವರೇ ಆಗಿರಬೇಕು.

"ಅಪ್ಪನ ಹೆಸರಿಗೆ ತಗೊಂಡ್ರಾಯ್ತು" ಎಂದ ಮಗ. ಅದಾಗುತ್ತದೆ, ಮಗ ತಂದೆಗೆ ಕೊಟ್ಟ ಹಣಕ್ಕೆ ತೆರಿಗೆಯೂ ಇಲ್ಲ. ಆದರೆ ಆಗ ತೋಟ ತಂದೆಯದಾಗುತ್ತದೆ. "ನಿಮಗೆ ಅಣ್ಣತಮ್ಮ, ಅಕ್ಕತಂಗಿ ಯಾರೂ ಇಲ್ಲವೇ?" ಎಂದಾಗಲೇ ಹಾಸನದಲ್ಲಿ ಮದುವೆಯಾಗಿರುವ ತಂಗಿಯ ವಿಷಯ ಹೊರಬಂತು. ಮುಕ್ಕಾಲು ಗಂಟೆ ಮಾತಾಡಿದರೂ ಮನೆಮಗಳ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ. ಮಲೆನಾಡಿನ ಮನೆಗಳಲ್ಲಿ ಇದು ಹೊಸದೇನಲ್ಲ. ಉಯಿಲಿಲ್ಲದೆ ತಂದೆ ತೀರಿಕೊಂಡರೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು, ಮಗನ ಯೂರೋದಲ್ಲಿ ಕೊಂಡ ನಾಲ್ಕು ಎಕರೆಗೂ ಅದೇ ಲೆಕ್ಕ. ಎರಡನೇ ಭೇಟಿಗೆ ತಂಗಿಯನ್ನೂ ಕರೆಸಿ ಎಂದು ಹೇಳಿ ಕಳಿಸಿದೆವು.

ಆ ನಡುವೆ ಅವರಿಗೆ ಕೊಟ್ಟ ಕೆಲಸ ಎರಡು. ಒಂದು, ತೋಟದ ಎಲ್ಲ ಸರ್ವೆ ನಂಬರಿನ ಪಹಣಿ ತೆಗೆಸಿ ಹೆಸರು ನೋಡುವುದು. ನೋಡಿದರೆ ಮೂರು ಎಕರೆ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇತ್ತು! ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು, ಅಂದರೆ ತಂದೆಯ ಅಕ್ಕತಂಗಿಯರದೂ. ಹಕ್ಕು ಬಿಟ್ಟುಕೊಡುವವರಿದ್ದರೆ ಬಿಡುಗಡೆ ಪತ್ರ ನೋಂದಣಿಯಾಗಬೇಕು. ಓಡಾಡುವ ಮಗ ಊರಲ್ಲಿರುವಾಗಲೇ ಇದು ತಿಂಗಳುಗಟ್ಟಲೆ ಹಿಡಿಯುತ್ತದೆ. ಅವನು ಹೊರಗಿದ್ದು, ಅವನ ಸಹಿಯೇ ಬೇಕಾದ ಸಂದರ್ಭ ಬಂದರೆ ಸ್ಟುಟ್‌ಗಾರ್ಟ್‌ನಿಂದ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್‌ಗೆ ಹೋಗಿ ಪವರ್ ಆಫ್ ಅಟಾರ್ನಿಗೆ (ತನ್ನ ಪರವಾಗಿ ಸಹಿ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ದೃಢೀಕರಣ ಪಡೆಯಬೇಕು. ಆ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಛಾಪಾ ಶುಲ್ಕವನ್ನೂ ಕಟ್ಟಬೇಕು, ಬಹಳ ಜನ ಎಡವುವುದು ಇಲ್ಲೇ. ಹೋಗುವ ಮುಂಚೆ ಸಬ್ ರಿಜಿಸ್ಟ್ರಾರ್ ಮುಂದೆ ಮಾಡಿಸಿಟ್ಟರೆ ಒಂದು ಬೆಳಗಿನ ಕೆಲಸ. ಅದರಲ್ಲಿ ಯಾವ ಯಾವ ಕೆಲಸಕ್ಕೆ ಅಧಿಕಾರ ಎಂದು ಬಿಡಿಸಿ ಬರೆಸಿ, ಮಾರುವ ಅಧಿಕಾರ ಕೊಡಬೇಡಿ ಎಂದೆವು.

ಇನ್ನೊಂದು, ಲೆಕ್ಕ. ಮಗ 64,000ವನ್ನು ನೂರರಿಂದ ಗುಣಿಸಿ "64 ಲಕ್ಷ" ಎಂದು ಮನೆಯಲ್ಲೆಲ್ಲ ಹೇಳಿಬಿಟ್ಟಿದ್ದ. ಯೂರೋದಲ್ಲಿ ಬರುವುದು ಯೂರೋದಲ್ಲೇ ಖರ್ಚಾಗುತ್ತದೆ, ರೂಪಾಯಿಗೆ ತಿರುಗಿಸಬೇಕಾದ್ದು ತಿಂಗಳ ಕೊನೆಗೆ ಉಳಿದದ್ದನ್ನು ಮಾತ್ರ. ತಿಂಗಳಿಗೆ 5,333 ಯೂರೋದಲ್ಲಿ ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ಆರೈಕೆ ವಿಮೆ ಸೇರಿ ಐದನೇ ಒಂದು ಪಾಲಿಗಿಂತ ಹೆಚ್ಚು ಮೊದಲೇ ಹೋಗುತ್ತದೆ, ಆಮೇಲೆ ತೆರಿಗೆ. ಹೆಂಡತಿ ಜೊತೆಯಲ್ಲಿದ್ದು ಅವಳಿಗೆ ಸಂಪಾದನೆ ಇಲ್ಲದಿದ್ದರೆ ಮೂರನೇ ತೆರಿಗೆ ವರ್ಗ ಆರಿಸಿಕೊಳ್ಳಬಹುದು, ಕೈಗೆ ಸುಮಾರು 3,700. ಹೆಂಡತಿ ಭಾರತದಲ್ಲೇ ಉಳಿದರೆ ಮದುವೆಯಾದವನಾದರೂ ಒಂದನೇ ವರ್ಗ, ಸುಮಾರು 3,300. ಮಗುವಿನ ಭತ್ಯೆ 250 ಯೂರೋಗೆ ತುಸು ಮೇಲೆ.

ಖರ್ಚನ್ನು ಅವನ ಕೈಯಲ್ಲೇ ಬರೆಸಿದೆವು. ಮನೆ ಬೆಚ್ಚಗಿಡುವ ಕಾವು, ನೀರು ಸೇರಿದ ಬಾಡಿಗೆ 1,450. ವಿದ್ಯುತ್, ಇಂಟರ್‌ನೆಟ್, ಫೋನ್ 150. ಪ್ರತಿ ಮನೆಯೂ ಕಟ್ಟಲೇಬೇಕಾದ ಪ್ರಸಾರ ಶುಲ್ಕ 18.36. ದಿನಸಿ 550, ಇಬ್ಬರ ಬಸ್ಸು ರೈಲು ಪಾಸು 126, ಶಾಲೆ ಮುಗಿದ ಮೇಲಿನ ಮಕ್ಕಳ ಆರೈಕೆ 100, ಬಟ್ಟೆ ಬರೆ ಇತ್ಯಾದಿ 250, ವರ್ಷಕ್ಕೊಮ್ಮೆ ಊರಿಗೆ ಬರಲು ತಿಂಗಳಿಗೆ 200, ಅಪ್ಪ ಅಮ್ಮನಿಗೆ ಇಡುವ ಸಹಾಯಕಿ ಮತ್ತು ವಿಮೆಗೆ 300. ಉಳಿದದ್ದು 800 ಚಿಲ್ಲರೆ, ಹೆಚ್ಚುಕಡಿಮೆ 80,000 ರೂಪಾಯಿ. ಬೆಂಗಳೂರಿನಲ್ಲಿ ಈಗ ಅವನ ಒಂದೂಮುಕ್ಕಾಲು ಲಕ್ಷ, ಅವಳ 45,000 ಸೇರಿ ಉಳಿಯುತ್ತಿದ್ದದ್ದೂ 80,000! ಅವನು ಕಾಗದವನ್ನು ಎರಡು ಸಲ ಕೂಡಿ ನೋಡಿದ.

ಹಾಗೆಂದು ಹೋಗುವುದು ನಷ್ಟ ಎಂದಲ್ಲ. ಮಗುವಿಗೆ ಶುಲ್ಕವಿಲ್ಲದ ಶಾಲೆ, ಕೆಲಸದ ಅನುಭವ, ಸೊಸೆಗೆ ಕೆಲಸ ಸಿಕ್ಕಿದ ಮೇಲಿನ ಆದಾಯ, ಇವಕ್ಕೆ ಬೆಲೆ ಇದೆ. ನಾಲ್ಕು ಎಕರೆಯ ಲೆಕ್ಕ ಮಾತ್ರ ಮೊದಲ ಎರಡು ವರ್ಷ ಮುಂದೆ ಹೋಗುವುದಿಲ್ಲ. ಇದಲ್ಲದೆ ಹೋದ ಕೂಡಲೇ ಬೇಕಾಗುವ ಗಂಟು ಬೇರೆ: ಮನೆಯ ಠೇವಣಿ, ಅದು ಕಾವು ನೀರಿನ ವೆಚ್ಚ ಬಿಟ್ಟ ಬಾಡಿಗೆಯ ಮೂರು ಪಟ್ಟಿನವರೆಗೆ, ಮೊದಲ ತಿಂಗಳ ತಾತ್ಕಾಲಿಕ ವಸತಿ, ಅಡುಗೆಮನೆ. ಅಲ್ಲಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಸಿಂಕು, ಒಲೆ ಕೂಡ ಇರುವುದಿಲ್ಲ, ನಾವೇ ಹಾಕಿಸಿಕೊಳ್ಳಬೇಕು. ಸಂಬಳ ಬರುವುದು ತಿಂಗಳ ಕೊನೆಗೆ. ಹತ್ತು ಸಾವಿರ ಯೂರೋ ಕೈಯಲ್ಲಿಲ್ಲದೆ ಮೂವರೂ ಹೊರಡಬೇಡಿ ಎಂದೆವು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಆ ಪತ್ರ ಕೊಡದವರ ಮನೆ ಅಗ್ಗವಾದರೂ ಬೇಡ. ಕಂಪನಿಯ ಪತ್ರದಲ್ಲಿ ನೋಡಬೇಕಾದ ಸಾಲು ಎರಡು: ಎರಡು ವರ್ಷದೊಳಗೆ ಬಿಟ್ಟರೆ ಸ್ಥಳಾಂತರ ಭತ್ಯೆ ವಾಪಸು ಕೊಡಬೇಕೇ, ಮತ್ತು ಪರೀಕ್ಷಾರ್ಥ ಅವಧಿ ಎಷ್ಟು. ಅದು ಆರು ತಿಂಗಳವರೆಗೆ ಇರಬಹುದು, ಆ ಅವಧಿಯಲ್ಲಿ ಎರಡು ವಾರದ ನೋಟಿಸಿನಲ್ಲಿ ಕೆಲಸದಿಂದ ಬಿಡಿಸಬಹುದು.

ಎರಡನೇ ಭೇಟಿಗೆ ತಂಗಿ ಬಂದರು. ತಾಯಿಯ ಚೀಟಿಯನ್ನು ಮೇಜಿನ ಮೇಲಿಟ್ಟು ಮಾತು ತೆಗೆದೆವು. ಫೋನ್ ಹೋದ ಗಳಿಗೆಯಿಂದ ಟಿಕೆಟ್ ಸಿಕ್ಕಿ, ಹಾರಿ, ಬೆಂಗಳೂರಿನಿಂದ ಕಾರಿನಲ್ಲಿ ಮೂಡಿಗೆರೆ ಮುಟ್ಟಲು ಮಗನಿಗೆ 36 ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆ 36 ಗಂಟೆ ಅವನಿಲ್ಲದೆಯೇ ನಡೆಯಬೇಕು. "ಎಲ್ಲರೂ ಇದಾರಲ್ಲ" ಎಂಬುದು ಉತ್ತರವಲ್ಲ, ಹೆಸರು ಬೇಕು. ಮೊದಲ ಗಂಟೆಗೆ ಜೀಪಿರುವ ಪಕ್ಕದ ತೋಟದವರು, ಅವರು ಸಿಗದಿದ್ದರೆ ಊರಿನ ಇನ್ನೊಬ್ಬ ಡ್ರೈವರ್, ಮತ್ತು 108. ಹಾಸನದಿಂದ ಬೇಲೂರು ದಾರಿಯಲ್ಲಿ ತಂಗಿ ಬಂದು ಮುಟ್ಟಲು ಎರಡು ಗಂಟೆ. ಆಸ್ಪತ್ರೆಯಲ್ಲಿ ಸಹಿ, ಹಣ ಅವರದು. ಆನೆ ಓಡಾಡುವ ಜಾಗ, ರಾತ್ರಿ ತಂದೆ ಸ್ಕೂಟರ್ ಹತ್ತಿ ಸಹಾಯಕ್ಕೆ ಹೋಗಬಾರದು ಎಂಬುದನ್ನೂ ಬರೆಸಿದೆವು. ಬಾಗಿಲ ಪಕ್ಕದ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ: ಔಷಧಿ ಪಟ್ಟಿ, ಹಳೇ ರಿಪೋರ್ಟು, ವಿಮೆ ಕಾರ್ಡು, ಆಧಾರ್ ಪ್ರತಿ, 25,000 ನಗದು. ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹೆಂಗಸೊಬ್ಬರಿಗೆ ಸಕ್ಕರೆ ಇಳಿದಾಗಿನ ಲಕ್ಷಣ ಕಲಿಸಬೇಕು: ಬೆವರು, ನಡುಕ, ತೊದಲು ಮಾತು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಸೀದಾ ಆಸ್ಪತ್ರೆಗೆ.

ಮಗನಿಗೆ ಹೊಳೆದಿರದ ಇನ್ನೊಂದು ಸಂಗತಿ. ಅಪ್ಪ ಅಮ್ಮನ ವಿಮೆ ಇದ್ದದ್ದು ಅವನ ಕಂಪನಿಯ ಗುಂಪು ಪಾಲಿಸಿಯಲ್ಲಿ. ಜರ್ಮನಿಯ ಸಂಬಳಪಟ್ಟಿಗೆ ಹೋದ ದಿನ ಅದು ನಿಲ್ಲುತ್ತದೆ. ಹೊಸದು ಕೊಂಡರೆ ಮೊದಲಿನಿಂದ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಹಾಕಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಂಡರೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಗುಂಪು ಪಾಲಿಸಿ ಜೀವಂತ ಇರುವಾಗಲೇ ಅರ್ಜಿ ಕೊಡಿ ಎಂದೆವು.

ತಂಗಿ ಕೊನೆಗೆ ಹೇಳಿದ್ದು: "ನಾನು ಬರ್ತೀನಿ, ಬರಲ್ಲ ಅಂದಿಲ್ಲ. ಆದ್ರೆ ಯಾರೂ ಕೇಳ್ಲಿಲ್ಲ. ಆ ನಾಲ್ಕು ಎಕರೆ ಅಣ್ಣನ ದುಡ್ಡಲ್ಲಿ ಬಂದ್ರೆ ಅದು ಅಣ್ಣಂದೇ ಅಂತ ಅಪ್ಪ ಈಗ್ಲೇ ಬರೆದಿಡ್ಲಿ, ಹಳೇ ಎಂಟು ಎಕರೆ ವಿಷಯ ಬೇರೆ." ತಂದೆ ಅಂದು ಮೊದಲ ಬಾರಿ "ಅವನಿಷ್ಟ" ಅನ್ನದೆ, ಉಯಿಲಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರು. ನಮ್ಮ ಸಲಹೆ ಇನ್ನೊಂದು ದಾರಿಯ ಕಡೆಗಿತ್ತು: ಆತುರಪಟ್ಟು ತಂದೆಯ ಹೆಸರಿಗೆ ಕೊಳ್ಳುವ ಬದಲು ಉಳಿತಾಯವನ್ನು ಎನ್‌ಆರ್‌ಇ ಠೇವಣಿಯಲ್ಲಿಡಿ (ಅನಿವಾಸಿಗಳು ಹೊರಗಿನ ಗಳಿಕೆ ಇಡುವ ಖಾತೆ), ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಕಾಯಂ ಆಗಿ ಮರಳಿದ ಮೇಲೆ ಸ್ವಂತ ಹೆಸರಿಗೆ ಕೊಳ್ಳಬಹುದು. ಈಗಿರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಇಲ್ಲಿನ ಹಣದ ಖಾತೆ) ಮಾಡಿಸಬೇಕು, ಬ್ಯಾಂಕಿಗೆ ತಿಳಿಸದೆ ಹಾಗೇ ನಡೆಸಿಕೊಂಡು ಹೋಗುವುದು ನಿಯಮಕ್ಕೆ ವಿರುದ್ಧ.

ಸೊಸೆಯ ಜೊತೆ ಪ್ರತ್ಯೇಕವಾಗಿ ಮಾತಾಡಿದೆವು. ಬ್ಲೂ ಕಾರ್ಡ್ (ಪದವೀಧರ ಉದ್ಯೋಗಿಗಳಿಗೆ ಕೊಡುವ ಯೂರೋಪಿನ ವಾಸ ಪರವಾನಗಿ) ಇರುವವರ ಸಂಗಾತಿಗೆ ಜರ್ಮನ್ ಪರೀಕ್ಷೆ ಇಲ್ಲದೆ ವೀಸಾ ಸಿಗುತ್ತದೆ, ಹೋದ ದಿನದಿಂದ ದುಡಿಯುವ ಹಕ್ಕೂ ಇದೆ. ಹಕ್ಕಿದೆ ಅಂದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳಲು ಮಾನ್ಯತೆಯ ಜೊತೆ ಎತ್ತರದ ಮಟ್ಟದ ಜರ್ಮನ್ ಬೇಕು. ಪ್ರಯೋಗಾಲಯದ ಕೆಲಸ ಹತ್ತಿರದ ದಾರಿ, ಅದಕ್ಕೂ ಜರ್ಮನ್ ಬಿ2 ಮಟ್ಟ (ಮಧ್ಯಮಕ್ಕಿಂತ ಮೇಲಿನದು) ಇದ್ದರೆ ಒಳ್ಳೆಯದು. ಒಂದೂವರೆ ಎರಡು ವರ್ಷ ಎಂದು ಗಟ್ಟಿ ಮನಸ್ಸು ಮಾಡಿಕೊಂಡು, ಬೆಂಗಳೂರಿನಲ್ಲಿರುವಾಗಲೇ ಜರ್ಮನ್ ಕಲಿಕೆಯ ಮೊದಲ ಎರಡು ಮಟ್ಟ, ಎ1, ಎ2 ಮುಗಿಸಿ. ಕಾಲೇಜಿಗೆ ರಾಜೀನಾಮೆ ಕೊಡದೆ ಒಂದು ವರ್ಷದ ವೇತನರಹಿತ ರಜೆಯನ್ನು ಬರವಣಿಗೆಯಲ್ಲಿ ಕೇಳಿ. ತಿಂಗಳ 800ರಲ್ಲಿ 200 ನಿಮ್ಮ ಹೆಸರಿನ ಖಾತೆಗೆ ಹೋಗಲಿ ಎಂದೆವು. ಈ ಕೊನೆಯ ಮಾತಿಗೆ ಮಗ ಸ್ವಲ್ಪ ಮುಖ ಸಣ್ಣ ಮಾಡಿದ, ಆದರೆ ಬರೆದುಕೊಂಡ. ಅಲ್ಲಿ ಪ್ರಾಥಮಿಕ ಶಾಲೆ ನಾಲ್ಕನೇ ತರಗತಿಗೆ ಮುಗಿದು ಮಕ್ಕಳು ಬೇರೆ ಬೇರೆ ಶಾಲೆಗಳಿಗೆ ಹಂಚಿಹೋಗುತ್ತಾರೆ. ಮರಳುವುದಾದರೆ ಅದಕ್ಕೆ ಮುಂಚೆ, ಇಲ್ಲವಾದರೆ ಆ "ಐದು ವರ್ಷ" ಹನ್ನೆರಡಾಗುತ್ತದೆ. ಮರಳುವುದೋ ಉಳಿಯುವುದೋ ಎಂದು ತೀರ್ಮಾನಿಸಲು ಮೂರನೇ ವರ್ಷದ ಕೊನೆಗೆ ಒಂದು ತಾರೀಖು ಗುರುತು ಹಾಕಿಸಿದೆವು.

ಕೊನೆಗೆ ಅವರೇ ತೀರ್ಮಾನಿಸಿದ್ದು ಹೀಗೆ. ಅಕ್ಟೋಬರ್ ಬದಲು ಜನವರಿಯಲ್ಲಿ, ಮಗ ಒಬ್ಬನೇ, ಪರೀಕ್ಷಾರ್ಥ ಅವಧಿ ಮುಗಿಯುವ ತನಕ. ಇದರಲ್ಲಿ ಎರಡು ನಷ್ಟ ಇದೆ ಎಂದು ಹೇಳಿಯೇ ಒಪ್ಪಿದೆವು. ಒಂದನೇ ತೆರಿಗೆ ವರ್ಗದಲ್ಲಿ ತಿಂಗಳಿಗೆ 400 ಕಡಿಮೆ. ಸೆಪ್ಟೆಂಬರ್ ಕೊನೆಯೊಳಗೆ ಹೊರಟು ಇಲ್ಲಿದ್ದ ದಿನ 182ಕ್ಕಿಂತ ಕಡಿಮೆ ಆಗಿದ್ದರೆ ಆ ಹಣಕಾಸು ವರ್ಷಕ್ಕೇ ಅನಿವಾಸಿಯಾಗುತ್ತಿದ್ದ. ಈಗ ಮಾರ್ಚ್‌ವರೆಗಿನ ಜರ್ಮನ್ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಲು ಕೇಳಬೇಕು. ಪೌತಿ ಖಾತೆಗೆ ಮೂರು ತಿಂಗಳು ಸಿಕ್ಕಿತಲ್ಲ, ಅದು ದೊಡ್ಡದು.

ಮಗ ಹೋಗಿ ಈಗ ಐದು ತಿಂಗಳು. ಖಾತೆ ತಂದೆಯ ಹೆಸರಿಗೆ ಬಂದಿದೆ. ವಿಮೆ ವರ್ಗವಾಗಿದೆ. ಸೊಸೆ ಎ2 ಪರೀಕ್ಷೆ ಕಟ್ಟಿದ್ದಾರೆ. ಫೋನು ಮಾತ್ರ ಮೊದಲ ತಿಂಗಳು ತಕರಾರಾಗಿತ್ತು: ಇಲ್ಲಿನ ರಾತ್ರಿ ಎಂಟಕ್ಕೆ ಅಲ್ಲಿ ಮಧ್ಯಾಹ್ನ ಮೂರೂವರೆ, ಮೀಟಿಂಗ್ ಹೊತ್ತು. ಈಗ ಇಲ್ಲಿನ ಬೆಳಿಗ್ಗೆ ಹನ್ನೊಂದೂವರೆಗೆ ಅವನು ಕೆಲಸಕ್ಕೆ ಹೊರಡುವ ಮುಂಚೆ ಮಾತಾಡುತ್ತಾರೆ. ಕರೆಂಟು ಹೋದರೂ ನಡೆಯಲಿ ಎಂದು ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿಸಿದ್ದಾರೆ. ಉಯಿಲು ಇನ್ನೂ ಆಗಿಲ್ಲ. "ಹೂಮಳೆ ಬರ್ಲಿ" ಎಂದಿದ್ದ ತಂದೆ ಈಗ "ಬೋರ್ಡೋ ಹೊಡ್ದು ಮುಗೀಲಿ" (ಗಿಡಬಳ್ಳಿಗೆ ಹೊಡೆಯುವ ಔಷಧಿ) ಅನ್ನುತ್ತಿದ್ದಾರೆ. ಮುಂದಿನ ಭೇಟಿಗೆ ತಂಗಿಯೇ ಕರೆದುಕೊಂಡು ಬರುವುದಾಗಿ ಹೇಳಿದ್ದಾರೆ.