ಔಷಧಿಗೆ ಬಗ್ಗದ ಟಿಬಿಗೆ ಈಗ ಎರಡು ವರ್ಷ ಬೇಕಿಲ್ಲ
ಸಕಲೇಶಪುರದ ತೋಟದಲ್ಲಿರುವ ನಿಮ್ಮ ಅಣ್ಣನಿಗೆ ಮಾಮೂಲಿ ಔಷಧಿಗೆ ಬಗ್ಗದ ಟಿಬಿ ಬಂದಿದೆ, ಎರಡು ವರ್ಷ ಮಾತ್ರೆ, ಇಂಜೆಕ್ಷನ್ ತಪ್ಪಿದ್ದಲ್ವಾ ಅಂತ ಕೇಳಿದ್ದೀರಿ. ಈಗ ಹಾಗಿಲ್ಲ ಸರ್. 2024ರಲ್ಲಿ ಕೇಂದ್ರ ಸರ್ಕಾರ ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದೆ. ಬೆಡಾಕ್ವಿಲಿನ್, ಪ್ರಿಟೋಮ್ಯಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್. ನಾಲ್ಕೂ ಮಾತ್ರೆಗಳೇ, ಸಾಮಾನ್ಯವಾಗಿ ಆರು ತಿಂಗಳು. ಎಲ್ಲರಿಗೂ ಹೊಂದುವುದಿಲ್ಲ, ಹಾಸನದ ಜಿಲ್ಲಾ ಟಿಬಿ ಕೇಂದ್ರದಲ್ಲಿ ಕೇಳಿ. ಔಷಧಿ ಉಚಿತ.

ಲಿನೆಜೋಲಿಡ್ ಬಗ್ಗೆ ಮಾತ್ರ ಜಾಸ್ತಿ ಎಚ್ಚರ ಇರಲಿ. ಪಾದ ಜೋಮು ಹಿಡಿದರೆ, ಕಣ್ಣು ಮಂಜಾದರೆ ಅವತ್ತೇ ಡಾಕ್ಟರಿಗೆ ಹೇಳಬೇಕು. ರಕ್ತ ಕಡಿಮೆಯಾಗುವುದೂ ಉಂಟು. ಹಾಗಾಗಿ ಕಾಫಿ ಕೊಯ್ಲು ಬಂತು ಅಂತ ರಕ್ತಪರೀಕ್ಷೆ ತಪ್ಪಿಸಬೇಡಿ. ಹೃದಯ ನೋಡುವ ಇಸಿಜಿಯನ್ನೂ ತಪ್ಪಿಸಬೇಡಿ. ಕೆಮ್ಮು ನಿಂತ ಕೂಡಲೇ ಮಾತ್ರೆ ನಿಲ್ಲಿಸಲು ದಯವಿಟ್ಟು ಅಣ್ಣನನ್ನು ಬಿಡಬೇಡಿ. ಮನೆಯವರೆಲ್ಲರ ತಪಾಸಣೆಯೂ ಆಗಲಿ, ಮಕ್ಕಳದ್ದು ಮೊದಲು.