ಗುಲಾಬಿ ಸವರುವ ಕಾಲ

ಪ್ರಶ್ನೆ: ಅಕ್ಕ, ನಮ್ಮ ಟೆರೇಸಿನ ಗುಲಾಬಿ ಮಳೆಗಾಲದಲ್ಲಿ ಉದ್ದುದ್ದ ಬೆಳೆದು ಎಲೆಗಳ ಮೇಲೆ ಕಪ್ಪು ಚುಕ್ಕೆ ಬಿದ್ದಿವೆ. ಏನು ಮಾಡಲಿ?
– ಓದುಗರು, ಬಸವನಗುಡಿ

ಉತ್ತರ: ಈಗಲೇ ಸವರಿಬಿಡಿ ತಾಯಿ. ನಮ್ಮ ಬೆಂಗಳೂರಿಗೆ ಅಕ್ಟೋಬರ್ ಹೇಳಿ ಮಾಡಿಸಿದ ತಿಂಗಳು. ಸುಮಾರು 45 ದಿನಕ್ಕೆ ಹೊಸ ಹೂ. ಒಣಗಿದ, ಸಣಕಲು ಕಡ್ಡಿಗಳನ್ನು ಬುಡಕ್ಕೇ ತೆಗೆಯಿರಿ. ಗಟ್ಟಿ ಕೊಂಬೆಗಳನ್ನು ಅರ್ಧಕ್ಕೆ, ಹೊರಮುಖದ ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ಮೇಲ್ಗಡೆ ಓರೆಯಾಗಿ ಕತ್ತರಿಸಿ. ಚುಕ್ಕೆ ಬಿದ್ದ ಎಲೆಗಳನ್ನು ಗೊಬ್ಬರದ ಡಬ್ಬಕ್ಕೆ ದಯವಿಟ್ಟು ಹಾಕಬೇಡಿ, ಅದು ಶಿಲೀಂಧ್ರ ರೋಗ, ಮತ್ತೆ ಗಿಡಕ್ಕೇ ಬರುತ್ತದೆ. ಹಿಂಗಾರು ಮಳೆ ಇನ್ನೂ ಮುಗಿದಿಲ್ಲ, ನೀರು ನಿಲ್ಲದಂತೆ ಕುಂಡದ ಕೆಳಗಿನ ತಟ್ಟೆ ತೆಗೆದಿಡಿ. ಮೇಲ್ಮಣ್ಣು ಕೆದಕಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ನನ್ನ ಬಟನ್ ಗುಲಾಬಿಗೂ ಇಷ್ಟೇ ಉಪಚಾರ. ಖಾಲಿ ಕುಂಡವಿದ್ದರೆ ಮೆಂತ್ಯ ಚೆಲ್ಲಿ, ತಿಂಗಳೊಳಗೆ ಸೊಪ್ಪು ಕೀಳಬಹುದು.